ಹಸುಗಳಿಗೆ ಪುರುಸೊತ್ತಿಲ್ಲ

ಸ್ವಿಟ್ಜರ್ಲೆಂಡಿನ ಮೊಂತ್ರೋದಿಂದ ಇಂಟರ್‌ಲಾಕನ್‌ಗೆ ಹೋಗುವ ಗಾಡಿಗೆ ಗೋಲ್ಡನ್‌ಪಾಸ್ ಎಕ್ಸ್‌ಪ್ರೆಸ್ ಎಂದು ಹೆಸರು. ಹೆಸರಿಟ್ಟವರು ಅವಸರದ ಆಸಾಮಿಗಳಲ್ಲ. ಸರೋವರದ ದಡ ಬಿಟ್ಟ ಗಾಡಿ ಗುಡ್ಡ ಹತ್ತಲು ಎಷ್ಟು ಸುತ್ತುತ್ತದೆಂದರೆ, ಬಿಟ್ಟುಬಂದೆವು ಎಂದುಕೊಂಡ ಸರೋವರ ಮತ್ತೆ ಮತ್ತೆ ಕಿಟಕಿಗೆ ಬಂದು ಇಣುಕುತ್ತದೆ.

ಆಮೇಲೆ ಬರೀ ಹಸಿರು, ಹಸು. ಸಿಮೆಂಟಾಲ್ ಕಣಿವೆಯಂತೂ ಆ ಹೆಸರಿನ ತಳಿಗೇ ತವರು. ಬಿಳಿ ಮುಖ, ಕಂದು-ಬಿಳಿ ಮೈ, ಕೊರಳಲ್ಲಿ ಗಂಟೆ. ರೈಲು ಬಂತೆಂದು ಒಂದಾದರೂ ಮೇವು ಬಿಟ್ಟು ತಲೆ ಎತ್ತಬೇಕಲ್ಲ! ನಾವೇ ಫೋನ್ ಹಿಡಿದು ಈ ಕಿಟಕಿಯಿಂದ ಆ ಕಿಟಕಿಗೆ ಓಡಬೇಕು. ಫೋಟೋದಲ್ಲಿ ಬೀಳುವುದು ಮಾತ್ರ ಲೈಟು ಕಂಬ, ಅದರ ಮೇಲೆ ಗಾಜಿನಲ್ಲಿ ಮೂಡಿದ ನಮ್ಮದೇ ಮೂಗು.

ದಾರಿಯ ಷಾತೋ-ದೇ ಊರಿನ ಆಸುಪಾಸಿನದು ಲೆತಿವಾ ಚೀಸ್. ಮೇ 10ರಿಂದ ಅಕ್ಟೋಬರ್ 10ರ ನಡುವೆ, ಬೆಟ್ಟದ ಮೇಲೆಯೇ, ತಾಮ್ರದ ಕೊಪ್ಪರಿಗೆಯಲ್ಲಿ, ಸೌದೆ ಉರಿಯಲ್ಲಿ ಮಾಡಿದರಷ್ಟೇ ಆ ಹೆಸರು. ಸೌದೆ ಒಲೆಯ ಸಾರೇ ಸಾರು ಎಂದು ಅಜ್ಜಿ ಹೇಳಿದರೆ ನಕ್ಕುಬಿಡುತ್ತೇವೆ; ಇಲ್ಲಿ ಅದೇ ಮಾತಿಗೆ ಕಾನೂನಿನ ಮುದ್ರೆ!

ಝ್ವೈಸಿಮ್ಮನ್ ನಿಲ್ದಾಣದಲ್ಲಿ ಮೀಟರ್ ಗೇಜ್ ಮುಗಿದು ಸ್ಟ್ಯಾಂಡರ್ಡ್ ಗೇಜ್ ಶುರು. ಬೋಗಿಗಳು ಮೆಲ್ಲಗೆ ಚಲಿಸುತ್ತಿರುವಂತೆಯೇ ಚಕ್ರಗಳ ನಡುವಿನ ಅಂತರ ಹಿಗ್ಗುತ್ತದೆ. 2022ರ ಡಿಸೆಂಬರಿನಿಂದ ನಡೆದಿರುವ ಈ ಚಮತ್ಕಾರವನ್ನು ನಮ್ಮವರು ಯಾರೂ ನೋಡುವುದಿಲ್ಲ. ‘ದಿಲ್‌ವಾಲೆ ದುಲ್ಹನಿಯಾ’ ಶೂಟಿಂಗ್ ಆದ ನಿಲ್ದಾಣ ನೋಡಿ, ಎಲ್ಲರೂ ಕತ್ತು ಚಾಚಿರುತ್ತಾರೆ. “ರೀ, ಶಾರುಖ್ ನಿಂತಿದ್ದು ಯಾವ ಪ್ಲಾಟ್‌ಫಾರ್ಮು?”