ದೇವರಿಗೆ ಹೊಗೆ, ಭಕ್ತರಿಗೆ ಊಟ

ಗ್ರೀಕರೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಅಮೃತಶಿಲೆಯ ಗಂಭೀರ ಮುಖಗಳು. ಇದರಲ್ಲಿ ಬಿ.ಎಂ.ಶ್ರೀ. ಅವರ ಪಾಲೂ ಸ್ವಲ್ಪ ಇದೆ. ಸಾಫೊಕ್ಲೀಸನ ಅಯಾಸನನ್ನು ‘ಅಶ್ವತ್ಥಾಮನ್’ ಮಾಡಿ, ಈಸ್ಕಿಲಸನ ‘ಪಾರಸಿಕರು’ ನಾಟಕವನ್ನೂ ತಂದುಕೊಟ್ಟು, ಗ್ರೀಕರ ಅಳುವನ್ನು ಅವರು ಕನ್ನಡದ ಮನೆಮಾತಾಗಿಸಿದರು. ನಗುವ ಗ್ರೀಕರು ಮಾತ್ರ ಹಡಗು ತಪ್ಪಿಸಿಕೊಂಡು ಅಲ್ಲೇ ಉಳಿದುಬಿಟ್ಟರು. ನನಗೋ ಅವರ ಮೇಲೆಯೇ ಮೋಹ. ಅದರಲ್ಲೂ ದೇವರ ಜೊತೆ ಅವರಿಗಿದ್ದ ಸಲುಗೆಯ ಮೇಲೆ.

ಅವರ ಪೂಜೆಯ ಜೀವಾಳ ಬಲಿ, ಬಲಿಯೆಂದರೆ ಊರೂಟ. ಎತ್ತನ್ನು ಕಡಿದು, ತೊಡೆಮೂಳೆಗೆ ಕೊಬ್ಬು ಸುತ್ತಿ ಬೆಂಕಿಗೆ ಹಾಕುವರು. ಹೊಗೆ ದೇವರಿಗೆ, ಮಾಂಸ ಭಕ್ತರಿಗೆ. ಈ ಹಂಚಿಕೆಯ ಬಗ್ಗೆ ಅವರಿಗೂ ಒಳಗೊಳಗೇ ಸಂಕೋಚವಿತ್ತೇನೋ, ಅದಕ್ಕೊಂದು ಕಥೆಯಿದೆ. ಮನುಷ್ಯರ ಪಕ್ಷಪಾತಿ ಪ್ರೊಮೀಥಿಯಸ್ ಎರಡು ರಾಶಿ ಮಾಡಿದನಂತೆ. ಒಂದರಲ್ಲಿ ಒಳ್ಳೆಯ ಮಾಂಸ, ಅದರ ಮೇಲೆ ಎತ್ತಿನ ಹೊಟ್ಟೆ. ಇನ್ನೊಂದರಲ್ಲಿ ಬರೀ ಮೂಳೆ, ಮೇಲೆ ಥಳಥಳಿಸುವ ಕೊಬ್ಬು. ದೇವರಾಜ ಜೀಯಸ್ ಥಳಥಳಿಸುವುದಕ್ಕೇ ಕೈ ಹಾಕಿದ. ಅವನಿಗೆ ಮೋಸ ಮೊದಲೇ ತಿಳಿದಿತ್ತು ಎಂದು ಕವಿ ಹೆಸಿಯಡ್ ಸಮಜಾಯಿಷಿ ಕೊಡುತ್ತಾನೆ. ದೇವರ ಮಾನ ಕಾಯುವುದೂ ಕವಿಯ ಕೆಲಸವೇ ತಾನೆ!

ಹಾಸ್ಯನಾಟಕಕಾರ ಅರಿಸ್ಟೊಫನೀಸನಿಗೆ ಆ ದಾಕ್ಷಿಣ್ಯವೂ ಇರಲಿಲ್ಲ. ಕ್ರಿ.ಪೂ. 414ರ ‘ಹಕ್ಕಿಗಳು’ ನಾಟಕದಲ್ಲಿ ಹಕ್ಕಿಗಳು ಆಕಾಶದಲ್ಲಿ ಊರು ಕಟ್ಟಿ ಬಲಿಯ ಹೊಗೆಗೆ ದಾರಿ ಮುಚ್ಚುತ್ತವೆ. ದೇವರುಗಳು ಉಪವಾಸ ಬೀಳುತ್ತಾರೆ. ಸಂಧಾನಕ್ಕೆ ಬಂದ ಮಹಾವೀರ ಹೆರಕ್ಲೀಸ್ ಅಡುಗೆಯ ಘಮಕ್ಕೇ ಕರಗಿಹೋಗುತ್ತಾನೆ. 405ರ ‘ಕಪ್ಪೆಗಳು’ ಇನ್ನೂ ಮುಂದೆ ಹೋಯಿತು. ನಾಟಕ ನಡೆದದ್ದು ಡಯೊನೈಸಸ್ ದೇವರ ಉತ್ಸವದಲ್ಲೇ, ಮುಂದಿನ ಸಾಲಿನಲ್ಲಿ ಕೂತಿದ್ದವನು ಆ ದೇವರ ಪೂಜಾರಿಯೇ. ಪಾತಾಳಕ್ಕೆ ಹೊರಟ ಡಯೊನೈಸಸ್ ರಂಗದ ಮೇಲೆ ಹೆದರಿ ನಡುಗಿ, ‘ಕಾಪಾಡು’ ಎಂದು ಆ ಪೂಜಾರಿಯನ್ನೇ ಮೊರೆಹೋಗುತ್ತಾನೆ! ಮುಂದೆ ತಾನೂ ತನ್ನ ಆಳೂ ಇಬ್ಬರಲ್ಲಿ ದೇವರು ಯಾರೆಂಬ ಪರೀಕ್ಷೆಗಾಗಿ ಚಾಟಿಯೇಟು ತಿನ್ನುತ್ತಾನೆ. ಅಥೆನ್ಸ್ ಊರು ನಕ್ಕು, ನಾಟಕಕ್ಕೆ ಮೊದಲ ಬಹುಮಾನವನ್ನೂ ಕೊಟ್ಟಿತು.

ಹಾಗಿದ್ದರೆ ಅಥೆನ್ಸಿನಲ್ಲಿ ಏನು ಬೇಕಾದರೂ ಅನ್ನಬಹುದಿತ್ತೆ? ಅಲ್ಲೇ ತೊಡಕು. ಎತ್ತು, ಕುದುರೆಗಳಿಗೆ ಕೈಗಳಿದ್ದಿದ್ದರೆ ಅವು ದೇವರನ್ನು ತಮ್ಮಂತೆಯೇ ಚಿತ್ರಿಸುತ್ತಿದ್ದವು ಎಂದು ಕ್ಸೆನೊಫನೀಸ್ ಹಿಂದೆಯೇ ಕುಟುಕಿದ್ದ; ಆದರೆ ಅವನು ಊರೂರು ತಿರುಗುವ ಕವಿ. ಅಥೆನ್ಸಿನಲ್ಲಿ ನೆಲೆಸಿದ್ದ ತತ್ತ್ವಜ್ಞಾನಿ ಅನಕ್ಸಾಗೊರಸನ ಪಾಡು ಬೇರೆ. ಸೂರ್ಯ ಒಂದು ಉರಿಯುವ ಕಲ್ಲು ಎಂದದ್ದಕ್ಕೆ, ಪೆರಿಕ್ಲೀಸನಂಥ ನಾಯಕನ ಸ್ನೇಹವಿದ್ದರೂ ಊರು ಬಿಡಬೇಕಾಯಿತು. ದೇವರು ಪುಕ್ಕಲ ಎಂದವನಿಗೆ ಬಹುಮಾನ. ಸೂರ್ಯ ಕಲ್ಲು ಎಂದವನಿಗೆ ಊರೇ ಇಲ್ಲ!

ನನಗೆ ತೋಚುವುದಿಷ್ಟು: ನಗುವವನು ಪಂಕ್ತಿಯಲ್ಲೇ ಕೂತಿರುತ್ತಾನೆ, ಪ್ರಶ್ನೆ ಕೇಳುವವನು ಊಟದ ನಡುವೆ ಎಲೆ ಬಿಟ್ಟು ಎದ್ದವನಂತೆ ಕಾಣುತ್ತಾನೆ.

ಸಾಕ್ರಟೀಸನಿಗೆ ಎರಡರ ಪೆಟ್ಟೂ ಬಿತ್ತು. 423ರಲ್ಲಿ ಅದೇ ಅರಿಸ್ಟೊಫನೀಸ್ ‘ಮೋಡಗಳು’ ನಾಟಕದಲ್ಲಿ ಅವನನ್ನು ಬುಟ್ಟಿಯಲ್ಲಿ ನೇತುಹಾಕಿ, ಜೀಯಸನೇ ಇಲ್ಲವೆಂದು ಹೇಳಿಸಿದ. ನಾಟಕ ಬಹುಮಾನದಲ್ಲಿ ಸೋತಿತು, ಅಪವಾದ ಗೆದ್ದಿತು. 399ರಲ್ಲಿ, ಊರ ದೇವರನ್ನು ಒಪ್ಪದವನು, ಹುಡುಗರನ್ನು ಕೆಡಿಸುವವನು ಎಂಬ ಆರೋಪ ಬಂದಾಗ, ಎದುರಿಗಿರುವ ಫಿರ್ಯಾದಿಗಳಿಗಿಂತ ಆ ಹಳೆಯ ಮಾತುಗಳೇ ತನಗೆ ಹೆಚ್ಚು ಭಯವೆಂದು ಅವನು ಹೇಳಿದನೆಂದು ಪ್ಲೇಟೊ ಬರೆಯುತ್ತಾನೆ. ನಗೆಯಿಂದ ದೇವರಿಗೆ ಏನೂ ಆಗಿರಲಿಲ್ಲ, ಮನುಷ್ಯನಿಗೆ ಆಯಿತು. ತಪ್ಪಿತಸ್ಥನೆಂದು ತೀರ್ಪಾದ ಮೇಲೆ, ನಿನಗೇನು ಶಿಕ್ಷೆ ಎಂದು ಕೇಳಿದರೆ, ಊರಿನ ಗಣ್ಯರಿಗೆ ಸತ್ಕಾರ ನಡೆಯುವ ಪ್ರಿಟನಿಯಮ್ಮಿನಲ್ಲಿ ಸರ್ಕಾರಿ ಖರ್ಚಿನ ಊಟ ಎಂದ. ಈ ಹಾಸ್ಯಕ್ಕೆ ಊರು ನಗಲಿಲ್ಲ.

ದೇವರನ್ನು ಒಪ್ಪದ ಈ ಆರೋಪಿ, ಶಿಕ್ಷೆಯಾಗಿ ಕುಡಿದ ವಿಷ ಮೈಗೇರುತ್ತಿರುವಾಗ ಮುಸುಕು ಸರಿಸಿ ಗೆಳೆಯ ಕ್ರೀಟೊಗೆ ಹೇಳಿದ್ದೇನು? ವೈದ್ಯದೇವ ಅಸ್ಕ್ಲೀಪಿಯಸನಿಗೆ ಒಂದು ಹುಂಜ ಬಾಕಿಯಿದೆ, ಮರೆಯದೆ ತೀರಿಸು ಎಂದು. ಇದರ ಗೂಢಾರ್ಥಕ್ಕಾಗಿ ಪಂಡಿತರು ಇಂದಿಗೂ ತಲೆ ಕೆಡಿಸಿಕೊಂಡಿದ್ದಾರೆ. ನನ್ನ ಯೋಚನೆ ಹೋಗುವುದು ಕ್ರೀಟೊನ ಕಡೆಗೆ. ಗೆಳೆಯನನ್ನು ಸೆರೆಮನೆಯಿಂದ ಪಾರುಮಾಡಲು ಎಷ್ಟು ಹಣವಾದರೂ ಸುರಿಯಲು ಸಿದ್ಧನಿದ್ದವನು ಅವನು. ಗೆಳೆಯ ಕೊನೆಗೆ ಮಾಡಿಸಿದ ಖರ್ಚು ಒಂದು ಕೋಳಿ.