ಎಡಗಡೆ ಸೈಟ್ ಖಾಲಿ ಇದೆ

(ಹಲಸೂರಿನ ಗೌತಮಪುರ. ಪೆಲೆ ಪ್ರತಿಮೆ ಇರುವ ಬಡಾವಣೆ. ಇಲ್ಲಿ ಪ್ರತಿ ಮನೆಗೊಬ್ಬ ಕೋಚ್, ಸಂಬಳ ಮಾತ್ರ ಇಲ್ಲ. ಟೀ ಅಂಗಡಿ ಮುಂದೆ ಮಾವ, ಅಳಿಯ.)

ಮಾವ: ನಿನ್ನೆ ಗೋಲು ಬಿದ್ದಾಗ ನಮ್ಮ ಲೆಫ್ಟ್ ಬ್ಯಾಕ್ ಎಲ್ಲಿ ಹಾಳಾಗಿ ಹೋಗಿದ್ದನೋ? ಎಡಗಡೆ ಪೂರ್ತಿ ಕೆ.ಆರ್. ಪುರದ ಸೈಟ್ ಥರ ಬಿದ್ದಿತ್ತು. ಬೇಲಿ ಹಾಕೋದೊಂದೇ ಬಾಕಿ.

ಅಳಿಯ: ಒಳಗೆ ಸೇರ್ಕೊಂಡಿದ್ದ ಮಾವ. ಇನ್‌ವರ್ಟೆಡ್ ಫುಲ್‌ಬ್ಯಾಕ್. ಚೆಂಡು ನಮ್ಮ ಹತ್ರ ಇದ್ದಾಗ ಮಿಡ್‌ಫೀಲ್ಡಲ್ಲಿ ಒಬ್ಬ ಜಾಸ್ತಿ ಆಗ್ತಾನೆ.

ಮಾವ: ಅವರ ಹತ್ರ ಇದ್ದಾಗ?

ಅಳಿಯ: (ಟೀ ಊದುತ್ತಾ) ಹಿಂದೆ ಒಬ್ಬ ಕಮ್ಮಿ.

ಮಾವ: ಸರಿ, ಸ್ಟ್ರೈಕರ್ ಯಾಕೆ ಸೆಂಟರ್ ಸರ್ಕಲ್ಲಲ್ಲಿ ಸಂಸಾರ ಹೂಡಿದ್ದ?

ಅಳಿಯ: ಫಾಲ್ಸ್ ನೈನ್. ಅವನು ಕೆಳಗಿಳಿದ್ರೆ ಎದುರಾಳಿ ಡಿಫೆಂಡರ್ ಹಿಂದೆನೇ ಬರ್ತಾನೆ, ಅವನ ಜಾಗ ಖಾಲಿ ಆಗುತ್ತೆ.

ಮಾವ: ಡಿಫೆಂಡರ್ ಕದಲಲೇ ಇಲ್ವಲ್ಲ!

ಅಳಿಯ: ಅದು ಅವನ ತಪ್ಪು ಮಾವ.

ಮಾವ: 1948ರ ಲಂಡನ್ ಒಲಿಂಪಿಕ್ಸಲ್ಲಿ ನಮ್ಮವರು ಬಹುತೇಕ ಬರಿಗಾಲಲ್ಲೇ ಆಡಿದ್ರು ಕಣೋ. ಫ್ರಾನ್ಸ್ ಮೇಲೆ ಗೋಲು ಹೊಡೆದಿದ್ದು ಯಾರು? ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್!

ಅಳಿಯ: ಆ ಮ್ಯಾಚೂ 2-1ಕ್ಕೆ ಹೋಯ್ತು. ಎರಡು ಪೆನಾಲ್ಟಿ ಹಾಳು ಮಾಡ್ಕೊಂಡ್ರು.

ಮಾವ: ಪೆನಾಲ್ಟಿ ಹಾಳು ಮಾಡೋಕಾದ್ರೂ ಗೋಲ್ ಹತ್ರ ಹೋಗಿದ್ರಲ್ಲೋ! ನಿಮ್ಮವರು ತೊಂಬತ್ತು ನಿಮಿಷ ಗೋಲ್‌ಕೀಪರ್‌ಗೇ ಪಾಸ್ ಕೊಟ್ರು.

ಅಳಿಯ: ಹಿಂದಿನಿಂದ ಆಟ ಕಟ್ತಾರೆ ಮಾವ.

ಮಾವ: ಪಾಯದಲ್ಲೇ ನಿಂತಿದೆ ಕಟ್ಟಡ.

ಅಳಿಯ: ಹಾಗಾದ್ರೆ ಭಾನುವಾರ ನಿಮಗೆ ಟಿಕೆಟ್ ಬೇಡ ಬಿಡಿ.

ಮಾವ: ಯಾರೋ ಹೇಳಿದ್ದು? ಎಡಗಡೆ ಗೆರೆ ಪಕ್ಕದ್ದೇ ತಗೋ. ಆ ಹುಡುಗನಿಗೆ ಜಾಗ ತೋರಿಸೋಕೆ ಒಬ್ಬರಾದ್ರೂ ಬೇಕಲ್ಲ.