ಉತ್ತಮ ದರ್ಜೆಯ ಉಸುಕು: ಕೊಪ್ಪಳ ಸೀಮೆಯ ಮನೆ ಕರಾರುಪತ್ರದ ಶಾಸನಾಧ್ಯಯನ

ಪ್ರಸ್ತುತ ಶಾಸನವು ಕೊಪ್ಪಳದ ಹೊಸ ಬಡಾವಣೆಯೊಂದರಲ್ಲಿ, ಮನೆ ಯಜಮಾನರ ಟ್ರಂಕಿನಲ್ಲಿ ದೊರೆಯಿತು. ಮಾಧ್ಯಮ: ಛಾಪಾ ಕಾಗದ. ಲಿಪಿಕಾರ: ಗುತ್ತೇದಾರರ ಅಳಿಯ. ಸಾಲು 19. ಎಂಟನೆಯದು ಚಹಾ ಬಿದ್ದು ತ್ರುಟಿತ. ಕಬ್ಬಿಣದ ತೂಕ ಅಲ್ಲೇ ಇತ್ತೆಂದು ಗುತ್ತೇದಾರರ ವಾದ. ಇದೇ ಊರಿನ ಗವಿಮಠ, ಪಾಲ್ಕಿಗುಂಡು ಬಂಡೆಗಳ ಮೇಲಿನ ಅಶೋಕನ ಅಕ್ಷರ 2,200 ವರ್ಷ ದಾಟಿಯೂ ಓದಲು ಬರುತ್ತದೆ. ಅಶೋಕ ಚಹಾ ಕುಡಿಯುತ್ತಿರಲಿಲ್ಲ.

ಪಠ್ಯವನ್ನು ಪರಿಶೀಲಿಸಿದಾಗ ಒಂದು ನಿಯಮ ಗೋಚರಿಸುತ್ತದೆ. ನೆಂಟರ ಕಣ್ಣಿಗೆ ಬೀಳುವುದಕ್ಕೆಲ್ಲ ಕಂಪನಿ ಹೆಸರುಂಟು: ಟೈಲ್ಸ್, ಬಣ್ಣ, ನಲ್ಲಿ, ಬಾಗಿಲ ಚಿಲಕ. ಗಿಲಾವಿನೊಳಗೆ ಹೂತುಹೋಗುವುದಕ್ಕೆ ಮಾತ್ರ ಒಂದೇ ವಿಶೇಷಣ, ‘ಉತ್ತಮ ದರ್ಜೆಯ’. 12 ಮೀಟರ್ ಉದ್ದದ 12 ಎಂ.ಎಂ. ಸಳಿ ಹತ್ತೂವರೆ ಕೆಜಿ ದಾಟಿ ತೂಗಬೇಕು. ಶಾಸನ ಈ ಬಗ್ಗೆ ಮೌನ.

‘ಉತ್ತಮ ದರ್ಜೆಯ ಉಸುಕು’ ಕುರಿತು ಮೂರು ಪಂಥಗಳಿವೆ. ಗಂಗಾವತಿ ಪಂಥಕ್ಕೆ ಅದು ತುಂಗಭದ್ರೆಯದು. ಕುಷ್ಟಗಿಯವರು ಎಂ-ಸ್ಯಾಂಡ್ ಎಂದು ಭಾಷ್ಯ ಬರೆಯುತ್ತಾರೆ. ಯಲಬುರ್ಗಾ ಪಂಥ ಉದಾರವಾದುದು: ಟ್ರ್ಯಾಕ್ಟರಿನಿಂದ ಇಳಿದದ್ದೆಲ್ಲ ಉತ್ತಮ. ಗಾಜಿನ ಲೋಟದಲ್ಲಿ ಉಸುಕು, ನೀರು ಕಲಕಿಟ್ಟರೆ ಮೇಲೆ ಎಷ್ಟು ಮಣ್ಣು ಕೂರುತ್ತದೆಂಬುದು ತಿಳಿದೀತು. ಆದರೆ ಇಂಥ ಅಗ್ಗದ ಉಪಾಯ ವಿದ್ವತ್ತಿನ ಘನತೆಗೆ ತಕ್ಕುದಲ್ಲ.

ಹದಿನಾಲ್ಕನೆಯ ಸಾಲು: ‘ನೀರು ಮಾಲೀಕರದು.’ ಸಾದಾ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಮಿಶ್ರ ಸಿಮೆಂಟಿನದಾದರೆ 10 ದಿನ ತೇವವಾಗಿಡಬೇಕೆಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಯಾರು? ಕ್ಷೇತ್ರಕಾರ್ಯದಲ್ಲಿ ದಾಖಲಾದ ಸಂವಾದ ಹೀಗಿದೆ:

“ಅಲ್ರೀ ಗುತ್ತೇದಾರ್ರ, ಸ್ಲ್ಯಾಬಿಗೆ ನೀರು ಹೊಡಿಯೋರು ಯಾರು?”

“ನೀರು ನಿಮ್ದು ಅಂತ ಬರದೈತಲ್ರಿ ಸಾವ್ಕಾರ್ರ. ಹೊಡಿಯೋದು ಮತ್ಯಾರದು?”

ತೌಲನಿಕವಾಗಿ ನೋಡಿದರೆ, ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದ ‘ಮೊರೇರ ಮನೆ’ ಎಂಬ ಶಿಲಾಸಮಾಧಿಗಳು ಮೇಲಿನ ನಿಯಮಕ್ಕೆ ಸಿಗುವುದಿಲ್ಲ. ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಮುಚ್ಚುಗಲ್ಲು, ಕೆಲವಕ್ಕೆ ಗುಂಡನೆಯ ಕಿಂಡಿ. ಗಿಲಾವಿಲ್ಲ, ಹೀಗಾಗಿ ಬಚ್ಚಿಡಲು ಜಾಗವಿಲ್ಲ. ಗಿರಾಕಿಗಳು ಸತ್ತವರೇ ಆಗಿದ್ದೂ, ತಕರಾರು ತೆಗೆಯುವವರು ಯಾರೂ ಇಲ್ಲದಿದ್ದೂ, ಕೆಲಸ ಇಷ್ಟು ಗಟ್ಟಿಯಾಗಿ ಏಕಾಯಿತೆಂಬುದು ಇಂದಿನ ಗುತ್ತೇದಾರರಿಗೆ ಬಿಡಿಸಲಾಗದ ಒಗಟು.

ಇದೇ ಸೀಮೆಯ ಇಟಗಿಯ ಮಹಾದೇವ ದೇಗುಲವನ್ನು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದ 1112ರ ಶಾಸನ ಗುಡಿ ಎದ್ದು ನಿಂತಮೇಲಿನದು. ನಮ್ಮ ಶಾಸನ ಪಾಯಕ್ಕೆ ಗುದ್ದಲಿ ಬೀಳುವ ಮೊದಲೇ ಮನೆಯನ್ನು ‘ಭವ್ಯ’ ಎನ್ನುತ್ತದೆ. ಹಣದ ಕಂತುಗಳೂ ಅದೇ ಆತುರದವು: ಲಿಂಟಲ್ ಮಟ್ಟಕ್ಕೆ ಮುಕ್ಕಾಲು ಪಾಲು ಸಂದಾಯವಾಗಿ, ಅಲ್ಲಿಂದ ಗೌಂಡಿಗಳ ದರ್ಶನ ವಿರಳವಾಗುತ್ತದೆ.

ಕಡೆಯದಾಗಿ ಶಾಪಾಶಯ. ದಾನ ಕೆಡಿಸಿದವನು 60,000 ವರ್ಷ ಹೇಲಿನ ಹುಳುವಾಗಿ ಹುಟ್ಟುವನೆಂದು ಹಳೆಯ ಶಾಸನಗಳು ಅವಧಿ ಸಹಿತ ವಿಧಿಸುತ್ತವೆ. ಇಲ್ಲಿ ಕೆಲಸ ತಡವಾದರೆ ದಿನಕ್ಕೆ ನೂರು ರೂಪಾಯಿಯ ದಂಡವೂ ಇಲ್ಲ. ಮೊದಲ ಮಳೆಗೆ ಸ್ಲ್ಯಾಬ್ ಸೋರಿದಂದಿನಿಂದ ಮನೆಯ ಹಿರಿಯಮ್ಮ ಈ ಭಾಗವನ್ನು ಬಾಯಲ್ಲೇ ಪೂರೈಸುತ್ತಿದ್ದಾರೆ. ಪಾಠಾಂತರಗಳು ಹೇರಳ, ಅಚ್ಚಿಗೆ ಯೋಗ್ಯವಾದುದು ಒಂದೂ ಸಿಕ್ಕಿಲ್ಲ.